ಶವಾಸನ ಬ್ಯಾಡ್ರಿ, ಮೇಡಂ

ಕೊಪ್ಪಳದ ನಮ್ಮ ಓಣಿಯ ಸಮುದಾಯ ಭವನದಲ್ಲಿ ನಾನು ಹೆಂಗಸರಿಗೆ ಯೋಗ ಹೇಳಿಕೊಡುತ್ತಿದ್ದೆ. ಮೊಣಕಾಲು ನೋವಿನವರು, ಸಕ್ಕರೆ ಕಾಯಿಲೆಯವರು, ನಿದ್ದೆ ಬಾರದವರು, ಮನೆಯಿಂದ ಸ್ವಲ್ಪ ಹೊತ್ತು ಹೊರಗಿರಲು ಒಂದು ನೆಪ ಬೇಕಾದವರು, ಎಲ್ಲರೂ ಬೆಳಗ್ಗೆ ಜಮಖಾನ ಸುತ್ತಿಕೊಂಡು ಬರುತ್ತಿದ್ದರು. ನಾನು ಕಲಿತದ್ದು ಯಾವ ದೊಡ್ಡ ಆಶ್ರಮದಲ್ಲೂ ಅಲ್ಲ. ಯಲಬುರ್ಗಾದಲ್ಲಿ ಹೈಸ್ಕೂಲು ಮಾಸ್ತರರಾಗಿದ್ದ ನನ್ನ ಗಂಡ ತೀರಿಕೊಂಡ ಮೇಲೆ, ಕೂತಲ್ಲಿ ನಿಂತಲ್ಲಿ ಉಸಿರು ಸಾಲದಂತಾಗುವ ತೊಂದರೆ ನನಗೆ ಶುರುವಾಗಿತ್ತು. ಡಾಕ್ಟರು ಎದೆ ನೋಡಿದರು, ರಕ್ತ ನೋಡಿದರು, ಏನೂ ಇಲ್ಲ ಎಂದರು. ಆಗ ಕುಷ್ಟಗಿಯಲ್ಲಿರುವ ನನ್ನ ಅಣ್ಣ ಅಲ್ಲಿಯ ಒಬ್ಬ ನಿವೃತ್ತ ಡ್ರಿಲ್ ಮಾಸ್ತರರ ಹತ್ತಿರ ಕರೆದುಕೊಂಡು ಹೋದ. ಅವರು ನನ್ನನ್ನು ಗೋಡೆಗೆ ಆನಿಸಿ ಕೂರಿಸಿ, "ಒಳಗ ತಗೊಳ್ಳೂದರ ಚಿಂತಿ ಬಿಡವಾ ತಂಗಿ, ಅದು ತಾನ ಬರತೈತಿ. ಹೊರಗ ಬಿಡೂದು ಕಲಿ," ಎಂದರು. ಅಷ್ಟನ್ನು ಕಲಿಯಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು. ಆಮೇಲೆ ಅವರ ಹತ್ತಿರವೇ ಆಸನಗಳನ್ನೂ ಕಲಿತು ಯೋಗ ಶಿಕ್ಷಕಿಯ ಪರೀಕ್ಷೆ ಕಟ್ಟಿದೆ, ಪಾಸಾದೆ, ನಾನೇ ಕಲಿಸುವವಳಾದೆ.

ನಮ್ಮ ತರಗತಿಗೆ ಬರುತ್ತಿದ್ದವರಲ್ಲಿ ಒಬ್ಬರು ಊರಿನ ಒಂದು ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರು. ಗಂಗಾವತಿಯವರು, ಎತ್ತರದ ಆಳು, ಮಾತು ಕಡಿಮೆ. ಎಷ್ಟೋ ವರ್ಷ ವಾರ್ಡುಗಳಲ್ಲಿ ಸಿಸ್ಟರ್ ಆಗಿ ನಿಂತು ನಿಂತು ಅವರ ಮೊಣಕಾಲು ಸವೆದಿದ್ದವು. ಒಂದು ದಿನ ಎಲ್ಲರೂ ಎದ್ದು ಹೋದರೂ ಅವರು ಜಮಖಾನ ಮಡಚದೆ ಕೂತೇ ಇದ್ದರು.

"ಮೇಡಂ, ನಮ್ಮ ಹುಡುಗ್ರಿಗೂ ಸ್ವಲ್ಪ ಕಲಿಸ್ರಿ," ಎಂದರು.

"ಅವಕ್ಕೇನಾಗೇತ್ರಿ? ಎಲ್ಲಾ ಎಳೇ ವಯಸ್ಸಿನವು."

"ಏನಾಗೇತಿ ಅಂತ ಹೆಂಗ ಹೇಳ್ಲಿ? ವಾರ್ಡಿಗೆ ಹೋಗಿ ಬಂದ್ರ ಊಟ ಮಾಡಂಗಿಲ್ಲ. ತಾಟು ಹಂಗ ವಾಪಸ್ ಬರತಾವು. ಕೆಲವು ಭಾಳ ನಗತಾವು, ಕೆಲವು ಮಾತ ಬಿಟ್ಟಾವು. ನಾವು ಕಲಿಯುವಾಗ ನಾವೂ ಹಿಂಗ ಇದ್ವಿ. ನಮ್ಮನ್ನ ಯಾರೂ ಕೇಳ್ಲಿಲ್ಲ."

ಅವರು ಅಷ್ಟು ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಆಗಲಿ ಎಂದೆ.

ಕಾಲೇಜಿನಲ್ಲಿ ಬೇರೆ ದೊಡ್ಡ ಕೋಣೆ ಇರಲಿಲ್ಲ. ಮೇಲಿನ ಮಹಡಿಯಲ್ಲಿ ವಿದ್ಯಾರ್ಥಿಗಳು ಸೂಜಿ ಚುಚ್ಚುವುದು, ಹಾಸಿಗೆ ಹಾಸುವುದು ಕಲಿಯುವ ಹಾಲನ್ನೇ ನಮಗೆ ಬಿಟ್ಟುಕೊಟ್ಟರು. ಮಂಚಗಳನ್ನು ಒಂದು ಕಡೆ ಸರಿಸಿದ್ದರು. ಅದರಲ್ಲೊಂದರ ಮೇಲೆ ಕಲಿಕೆಗೆಂದು ಇಟ್ಟ ರಬ್ಬರಿನ ರೋಗಿ ಎದೆಯವರೆಗೆ ಚಾದರ ಹೊದ್ದು ಮಲಗಿತ್ತು. ಮೊದಲ ದಿನ ಯಲಬುರ್ಗಾ ಕಡೆಯ ಒಬ್ಬ ದಪ್ಪ ಹುಡುಗ ಅದರ ಕೈ ಎತ್ತಿ ಹಿಡಿದು, "ಮೇಡಂ, ಇವರೂ ಯೋಗ ಮಾಡ್ತಾರಂತ್ರಿ," ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಗಂಗಾವತಿ ಕಡೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳಿಂದ ಬಂದವರು ತಮ್ಮತಮ್ಮಲ್ಲಿ ತೆಲುಗು ಮಾತಾಡುತ್ತಿದ್ದರು. ಕುಷ್ಟಗಿ, ಯಲಬುರ್ಗಾ ಕಡೆಯವರು ಹಿಂದಿನ ಸಾಲಿನಲ್ಲಿ ಗುಂಪುಗೂಡುತ್ತಿದ್ದರು. ಹೆಚ್ಚಿನವರು ಹುಡುಗಿಯರು. ನಾನು ತಾಡಾಸನದಲ್ಲಿ ನಿಲ್ಲಿಸಿದರೆ ಅವರ ಕಾಲುಗಳನ್ನೇ ನೋಡುತ್ತಿದ್ದೆ. ಅಷ್ಟು ಸಣ್ಣ ವಯಸ್ಸಿಗೆ ಪಾದ ಬಾತಿದ್ದವು, ಸಾಕ್ಸಿನ ಗುರುತು ಕೆತ್ತಿದ ಹಾಗೆ ಕೂತಿತ್ತು. ಹೆಗಲು ಕಿವಿಯ ಹತ್ತಿರಕ್ಕೆ ಏರಿಕೊಂಡಿದ್ದವು. ಹಾಸಿಗೆ ಹಿಡಿದ ರೋಗಿಗಳನ್ನು ಹೊರಳಿಸಿ ಹೊರಳಿಸಿ ಸೊಂಟ ಹಿಡಿದಿರುತ್ತದೆ ಎಂದು ಪ್ರಾಂಶುಪಾಲರು ಹೇಳಿದ್ದರು. ನಾನು ಅದಕ್ಕೆ ಬೇಕಾದ ಆಸನಗಳನ್ನೇ ಆರಿಸಿಕೊಂಡೆ. ಬೆಳಗ್ಗೆ ವಾರ್ಡಿಗೆ ಹೋಗುವ ಮೊದಲು ತರಗತಿ. ಅರ್ಧ ಜನ ಆಕಳಿಸುತ್ತಲೇ ಬರುತ್ತಿದ್ದರು. ಪ್ರಾಣಾಯಾಮಕ್ಕೆ ಕಣ್ಣು ಮುಚ್ಚಿಸಿದರೆ ಒಂದಿಬ್ಬರಾದರೂ ಕೂತಲ್ಲೇ ತೂಗುತ್ತಿದ್ದರು.

ಅವರಲ್ಲಿ ನವಲಿಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಭತ್ತ ಬೆಳೆಯುವವರ ಮನೆಯವಳು. ಗಟ್ಟಿ ಮೈಕಟ್ಟು, ದೊಡ್ಡ ದನಿ, ಬಾಗಿದರೆ ಅಂಗೈ ಪೂರ್ತಿ ನೆಲಕ್ಕೆ ಹತ್ತುತ್ತಿತ್ತು. ನಾನು ಮೆಚ್ಚಿಕೊಂಡಾಗ, "ನೀರಾಗ ನಿಂತು ಬಾಗಿ ಸಸಿ ಹಚ್ಚೀನ್ರಿ ಮೇಡಂ, ಇದೇನ್ ಮಹಾ?" ಎಂದು ಬಿಟ್ಟಳು. ತರಗತಿಯಲ್ಲಿ ಯಾರು ಸೋಮಾರಿತನ ಮಾಡಿದರೂ ಅವರನ್ನು ಎಬ್ಬಿಸುವವಳು ಅವಳೇ. ಕೆಲವೇ ವಾರಗಳಲ್ಲಿ ನಾನು ಬರುವುದು ತಡವಾದರೆ ಅವಳೇ ಮುಂದೆ ನಿಂತು ಶುರುಮಾಡಿಸಿರುತ್ತಿದ್ದಳು. ಇವಳಿಗೆ ಈ ಕೆಲಸ ಒಗ್ಗುತ್ತದೆ, ಇವಳ ಚಿಂತೆ ಇಲ್ಲ ಎಂದು ನಾನೂ ಪ್ರಾಂಶುಪಾಲರೂ ಅಂದುಕೊಂಡಿದ್ದೆವು.

ಒಂದು ದಿನ ಬೆಳಗ್ಗೆ ಅವಳು ಎಂದಿನಂತೆ ಬಂದಳು, ಆದರೆ ಹಿಂದಿನ ಸಾಲಿಗೆ ಹೋದಳು. ಆಸನಗಳನ್ನೆಲ್ಲ ಮಾಡಿದಳು. ಕೊನೆಗೆ ನಾನು ಎಂದಿನ ಮಾತುಗಳನ್ನೇ ಹೇಳಿದೆ. ಈಗ ಶವಾಸನ. ಅಂಗಾತ ಮಲಗಿ. ಕಾಲು ಸಡಿಲ, ಅಂಗೈ ಮೇಲ್ಮುಖ. ಕಣ್ಣು ಮುಚ್ಚಿ. ದವಡೆ ಸಡಿಲ ಬಿಡಿ. ಮೈಯಲ್ಲಿ ಯಾವ ಅಲುಗಾಟವೂ ಬೇಡ.

ಎಲ್ಲರೂ ಮಲಗಿದರು. ನಾನು ಸಾಲುಗಳ ನಡುವೆ ಮೆಲ್ಲಗೆ ಓಡಾಡುತ್ತಿದ್ದೆ. ಅವಳ ಹತ್ತಿರ ಬಂದಾಗ ಅವಳ ಕಣ್ಣು ತೆರೆದೇ ಇದ್ದವು, ಫ್ಯಾನನ್ನೇ ನೋಡುತ್ತಿದ್ದಳು. ಎದೆ ಓಡಿ ಬಂದವರ ಎದೆಯ ಹಾಗೆ ಏರಿಳಿಯುತ್ತಿತ್ತು. ನಾನು ಬಗ್ಗುವಷ್ಟರಲ್ಲಿ ದಡಕ್ಕನೆ ಎದ್ದು ಕೂತಳು.

"ಶವಾಸನ ಬ್ಯಾಡ್ರಿ, ಮೇಡಂ. ನನಗ ಬ್ಯಾಡ್ರಿ," ಎಂದು ಜೋರಾಗಿಯೇ ಹೇಳಿ, ಚಪ್ಪಲಿ ಕೂಡ ಮೆಟ್ಟದೆ ಹೊರಗೆ ನಡೆದುಬಿಟ್ಟಳು.

ಮಿಕ್ಕವರನ್ನು ಹಾಗೇ ಬಿಟ್ಟು ನಾನು ಹಿಂದೆ ಹೋದೆ. ಅವಳು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ತನ್ನ ಕಾಲ ಹೆಬ್ಬೆರಳುಗಳನ್ನು ಹಿಡಿದುಕೊಂಡಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ತಾನಾಗಿಯೇ ಹೇಳಿದಳು.

ಅವಳು ಕೆಲಸ ಕಲಿಯುತ್ತಿದ್ದ ವಾರ್ಡಿನಲ್ಲಿ ಕುಷ್ಟಗಿ ಕಡೆಯ ಒಬ್ಬ ಮುದುಕಿ ಇದ್ದಳಂತೆ. ಉಬ್ಬಸದ ಕಾಯಿಲೆ. ಇವಳು ಬಂದರೆ ಸಾಕು, "ರೊಟ್ಟಿ ಮುರಿದು ಹಾಲಾಗ ನೆನಸಿ ಕೊಡ ಯವ್ವಾ," ಎನ್ನುತ್ತಿದ್ದಳಂತೆ. ಹಿಂದಿನ ದಿನ ಬೆಳಗ್ಗೆ ಇವಳೇ ಚಮಚದಲ್ಲಿ ಅದನ್ನು ತಿನ್ನಿಸಿದ್ದಳು. ಮಧ್ಯಾಹ್ನದ ಹೊತ್ತಿಗೆ ಮುದುಕಿ ಹೋಗಿಬಿಟ್ಟಿದ್ದಳು. ವಾರ್ಡಿನ ದೊಡ್ಡ ಸಿಸ್ಟರ್ ಇವಳನ್ನು ಕರೆದು, ಬಾ, ಇದನ್ನೂ ಕಲಿಯಬೇಕು ಎಂದಿದ್ದರು. ಪರದೆ ಎಳೆದು ಇಬ್ಬರೂ ಸೇರಿ ಮೈ ಒರೆಸಿದ್ದರು, ಕಣ್ಣು ಮುಚ್ಚಿಸಿದ್ದರು, ದವಡೆಗೆ ಬಟ್ಟೆ ಕಟ್ಟಿದ್ದರು.

"ಕಾಲು ನೆಟ್ಟಗ ಮಾಡು ಅಂದ್ರು, ಮಾಡಿದೆ. ಬೆರಳು ಕಟ್ಟು ಅಂದ್ರು. ನಾನ ಕಟ್ಟೀನ್ರಿ ಮೇಡಂ ಆಕಿ ಹೆಬ್ಬೆರಳು. ಬ್ಯಾಂಡೇಜ್ ಬಟ್ಟಿಲೆ. ಈಗ ನೀವು ದವಡಿ, ಕಾಲು ಅನ್ನಾಕ ಹತ್ತಿದ್ರಿ. ಒಂದೊಂದ ಮಾತೂ ಅದ ಇತ್ರಿ. ನನ್ನ ಬೆರಳೂ ಯಾರೋ ಕಟ್ಟಿದಂಗ ಆತು."

ಆ ಹೆಸರನ್ನು ನಾನು ಎಷ್ಟು ಸಲ ಉಚ್ಚರಿಸಿದ್ದೆನೋ! ನಮ್ಮ ಓಣಿಯ ಹೆಂಗಸರಿಗೆ ಶವಾಸನವೆಂದರೆ ಹಾಯಾಗಿ ಅಡ್ಡಾಗುವ ಹೊತ್ತು. ಶವ ಎಂಬ ಮಾತು ಅದರೊಳಗೆ ಇದೆಯೆಂಬುದೇ ನಮಗೆ ಮರೆತುಹೋಗಿತ್ತು. ನಾನು ಅವಳ ಕೈ ಮೇಲೆ ಕೈ ಇಟ್ಟೆ. ಅವಳು ಕೈ ತೆಗೆದುಕೊಂಡು ಎದ್ದು ಹಾಸ್ಟೆಲಿನ ಕಡೆ ಹೋದಳು.

ಮರುದಿನ ಅವಳು ತರಗತಿಗೆ ಬರಲಿಲ್ಲ. ಅದರ ಮರುದಿನ ವಾರ್ಡಿಗೂ ಹೋಗಲಿಲ್ಲ. ಆಮೇಲೆ ಊರಿಗೆ ಹೋದಳು ಎಂದು ಗೊತ್ತಾಯಿತು. ಪ್ರಾಂಶುಪಾಲರು ಫೋನು ಮಾಡಿದರೆ ಅವಳ ತಾಯಿ, "ಮೈಯಾಗ ಛಲೋ ಇಲ್ರಿ," ಎಂದಷ್ಟೇ ಹೇಳಿ ಇಟ್ಟರಂತೆ.

"ಹಿಂಗ ಹೋದವರು ಕೆಲವರು ಬರತಾರ, ಕೆಲವರು ಬರಂಗಿಲ್ರಿ," ಎಂದು ಪ್ರಾಂಶುಪಾಲರು ಕಿಟಕಿಯ ಕಡೆ ನೋಡಿದರು. "ನಾನು ಹೋದ್ರ ಕಾಲೇಜಿನವರು ಬಂದ್ರು ಅಂತ ಹೆದರತಾರ. ನೀವು ಹೋಗ್ತೀರೇನ್ರಿ?"

ಹೋದೆ. ಗಂಗಾವತಿಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಾಲುವೆಗೆ ನೀರು ಬಿಟ್ಟಿದ್ದರು. ಗಂಗಾವತಿ ದಾಟಿದ ಮೇಲೆ ರಸ್ತೆಯ ಬದಿಯ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಾಗಿ ಸಸಿ ನೆಡುತ್ತಿದ್ದರು. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕು ಎಂದು ಯೋಚಿಸಿದೆ. ಧೈರ್ಯ ತಂದುಕೋ, ಎಲ್ಲ ಅಭ್ಯಾಸವಾಗುತ್ತದೆ, ಇದು ಪುಣ್ಯದ ಕೆಲಸ. ಯಾವುದನ್ನು ಬಾಯಲ್ಲಿ ಹೇಳಿಕೊಂಡು ನೋಡಿದರೂ ನನಗೇ ಸಪ್ಪೆಯೆನಿಸಿತು.

ನವಲಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನರ್ಸ್ ಕಲಿಯುವ ಹುಡುಗಿಯ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ತಾಯಿ ಕಟ್ಟೆಯ ಮೇಲೆ ಕೂತು ಪುಂಡಿಪಲ್ಯ ಸೋಸುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನೀರು ತಂದುಕೊಟ್ಟರು. ಚಾಪೆ ಹಾಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಬಂದ ದಿನದಿಂದ ನಮ್ಮ ಕೂಡ ನಾಕು ಮಾತು ಆಡಿಲ್ರಿ ಅಕ್ಕಾರ. ಅಂಗಾತ ಮಲಗಂಗಿಲ್ಲ, ಗ್ವಾಡಿಗೆ ಹೊಳ್ಳಿ ಮುದುಡಿಕೊಂಡು ಮಲಗತಾಳ. ಏನರ ಗಾಳಿ ಸೋಕೇತೇನೋ ಅಂತ ಹುಲಿಗೆಮ್ಮನ ಗುಡಿಗೆ ಕರಕೊಂಡು ಹೋಗಿ ಬಂದ್ವಿ. ಅಲ್ಲಿ ಹೊಳಿಯಾಗ ಜಳಕ ಮಾಡಿದ್ಲು, ಕೈಮುಗದ್ಲು, ಮತ್ತ ಹಂಗ ಅದಾಳ. ಅವರಪ್ಪ ಅಂತೂ ಸಾಕು ಬಿಡಿಸಿಬಿಡು ಅಂತಾರ. ನೀವು ಓದಿದವರು, ನೀವರ ಹೇಳ್ರಿ."

"ಈಗ ಎಲ್ಲಿ ಅದಾಳ್ರಿ?"

"ಹೊಲದಾಗ. ಮನ್ಯಾಗ ಕುಂದರು ಅಂದ್ರೂ ಕೇಳಂಗಿಲ್ಲ. ಸಸಿ ಹಚ್ಚಾಕ ಹೋಗ್ಯಾಳ."

ಪಕ್ಕದ ಮನೆಯ ಒಬ್ಬ ಹೆಂಗಸು ನನ್ನನ್ನು ಗದ್ದೆಯವರೆಗೆ ಬಿಟ್ಟು ಹೋದಳು. ಹುಡುಗಿ ಉಳಿದ ಹೆಂಗಸರ ನಡುವೆ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ನನ್ನನ್ನು ನೋಡಿದಳು, ಬಾಗಿದ ಬೆನ್ನು ಎತ್ತಲಿಲ್ಲ. ಹಿಡಿದ ಸಾಲು ಮುಗಿಯುವ ತನಕ ನೆಟ್ಟಳು. ಆಮೇಲೆ ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು ಬಂದು ಬದುವಿನ ಮೇಲೆ ನನ್ನಿಂದ ಸ್ವಲ್ಪ ದೂರ ಕೂತಳು.

"ಹೆಣಕ್ಕ ಹೆದರೀನಿ ಅಂತ ತಿಳಕೊಂಡೀರೇನ್ರಿ ಮೇಡಂ?" ಎಂದಳು.

"ಇಲ್ಲ. ನನಗ ಗೊತ್ತಿಲ್ಲ. ಕೇಳಾಕ ಬಂದೀನಿ."

ಅವಳು ಹುಲ್ಲಿನ ಎಸಳೊಂದನ್ನು ಕಿತ್ತು ಸೀಳುತ್ತಾ ಕೂತಳು. "ನಮ್ಮ ಓಣ್ಯಾಗ ಯಾರರ ಸತ್ರ ಆ ಮನ್ಯಾಗ ಒಲಿ ಹಚ್ಚಂಗಿಲ್ರಿ. ಆಜುಬಾಜು ಮನಿಯವರು ಬುತ್ತಿ ಕೊಡತಾರ. ಮಂದಿ ಬಂದು ಕುಂದರತಾರ, ಅಳತಾರ, ಸತ್ತವರು ಹಿಂಗಿದ್ರು ಹಂಗಿದ್ರು ಅಂತ ಮಾತಾಡತಾರ. ನಾನು ಸಣ್ಣಾಕಿದ್ದಾಗಿಂದ ನೋಡೀನಿ. ಅಲ್ಲಿ ಏನಾತು ಗೊತ್ತೇನ್ರಿ? ಪರದಿ ಸರಿಸಿ ಹೊರಗ ಬಂದ ಕೂಡ್ಲೇ ಆ ಕಡಿ ಮಂಚದವರಿಗೆ ಬಿ.ಪಿ. ನೋಡು ಅಂದ್ರು. ನೋಡಿದೆ. ಊಟದ ಹೊತ್ತಾತು, ಹೋಗು ಅಂದ್ರು. ಹೋಗಿ ಊಟಾನೂ ಮಾಡಿದೆ. ವಾಪಸ್ ಬಂದ್ರ ಆ ಮುದುಕಿ ಮಂಚದ ಮ್ಯಾಲ ಬ್ಯಾರೇದವರು ಮಲಗಿದ್ರು. ಚಾದರ ಹೊಸಾದು. ಯಾರೂ ಒಂದ ಸಲಾನೂ ಆಕಿ ಹೆಸರು ತಗೀಲಿಲ್ರಿ. ಆಕಿ ಇದ್ಲೋ ಇಲ್ಲೋ ಅನ್ನೂಹಂಗ ಆತು. ಮುಂಜಾನಿ ನಾನ ತಿನ್ನಿಸಿದ ರೊಟ್ಟಿ ಆಕಿ ಹೊಟ್ಟ್ಯಾಗ ಇತ್ತು."

ಆಗ ಅವಳು ಅತ್ತಳು. ದೊಡ್ಡ ದನಿಯ ಹುಡುಗಿ, ದೊಡ್ಡದಾಗಿಯೇ ಅತ್ತಳು. ಗದ್ದೆಯಲ್ಲಿದ್ದ ಹೆಂಗಸರು ಕೆಲಸ ನಿಲ್ಲಿಸಿ ಇತ್ತ ನೋಡಿದರು, ಮತ್ತೆ ಬಾಗಿ ತಮ್ಮ ಕೆಲಸಕ್ಕೆ ತೊಡಗಿದರು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಬೇರೆಯೇ ಒಂದು ದಿನ. ಅದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ.

ನನ್ನ ಗಂಡ ಹೋದದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ. ಪರದೆಯ ಹೊರಗೆ ನಾನು ನಿಂತಿದ್ದೆ. ಒಳಗೆ ನರ್ಸ್ ಒಬ್ಬಳಿದ್ದಳು. ನೀರಿನ ಸದ್ದು, ಬಟ್ಟೆ ಹಿಂಡುವ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಪರದೆಯನ್ನು ತುಸು ಸರಿಸಿ ಮುಖ ಹೊರಗೆ ಹಾಕಿ, "ಇವರು ಬೈತಲಿ ಯಾವ ಕಡಿ ತಗೀತಿದ್ರು ಅಕ್ಕಾರ?" ಎಂದು ಕೇಳಿದಳು. ಬಲಗಡೆ ಎಂದೆ. ಆಮೇಲೆ ನಾನು ಒಳಗೆ ಹೋಗಿ ನೋಡಿದಾಗ ಅವರು ಶಾಲೆಗೆ ಹೊರಟು ನಿಂತ ಹಾಗೆ ಕಂಡರು. ಕೂದಲು ನೀರು ಹಚ್ಚಿ ಬಾಚಿತ್ತು, ಬೈತಲೆ ಬಲಗಡೆಗೇ ಇತ್ತು. ಆಸ್ಪತ್ರೆಯಲ್ಲಿ ಎಷ್ಟೋ ದಿನದಿಂದ ಕೆದರಿದ ತಲೆಯಲ್ಲೇ ಅವರನ್ನು ನೋಡಿದ್ದ ನನಗೆ, ಕೊನೆಗೆ ಉಳಿದದ್ದು ಆ ಮುಖ. ಇಂದಿಗೂ ಅವರನ್ನು ನೆನೆದರೆ ಅದೇ ಮುಖ ಬರುತ್ತದೆ.

"ಆಕಿ ಯಾರು, ಎಲ್ಲಿಯಾಕಿ, ನನಗ ಗೊತ್ತಿಲ್ಲ," ಎಂದೆ. "ನಮ್ಮನಿಯವರ ಮಂಚಕ್ಕೂ ಅವತ್ತ ಬ್ಯಾರೇದವರು ಬಂದಿರಬೇಕು. ಆಕೀನೂ ಹೋಗಿ ಮತ್ತೊಬ್ಬರ ಬಿ.ಪಿ. ನೋಡಿರಬೇಕು. ಆಕಿಗೂ ಯಾರೂ ಏನೂ ಕೇಳಿರಲಿಕ್ಕಿಲ್ಲ. ಆ ಮುದುಕಿ ಮನಿಯವರು ನಿನ್ನ ನೆನಸತಾರೋ ಇಲ್ಲೋ ಗೊತ್ತಿಲ್ಲ ತಂಗಿ. ನಾ ಅಂತೂ ಆ ನರ್ಸನ್ನ ನೆನಸತೀನಿ."

ಅವಳು ಮೂಗು ಒರೆಸಿಕೊಂಡು, "ಆ ಮುದುಕಿ ತಲಿ ನಾನೂ ಬಾಚಿದ್ನಿರಿ," ಎಂದಳು. "ಭಾಳ ಸಿಕ್ಕಾಗಿತ್ತು."

ಕಾಲೇಜಿಗೆ ಬಾ ಎಂದು ನಾನು ಹೇಳಲಿಲ್ಲ. ಅವಳೂ ಬರುತ್ತೇನೆ ಎನ್ನಲಿಲ್ಲ. ಮನೆಗೆ ಹೋಗಿ ರೊಟ್ಟಿ ಪುಂಡಿಪಲ್ಯ ಉಂಡೆವು. ತಾಯಿ ಬಸ್ಸಿನವರೆಗೆ ಬಂದರು. ಮಗಳು ಬಾಗಿಲಲ್ಲೇ ನಿಂತಿದ್ದಳು.

ವಾಪಸ್ ಬಂದು ಪ್ರಾಂಶುಪಾಲರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಾವು ಕಲಿಯುವಾಗ ಮೊದಲ ಸಲ ತೀರಿಹೋದ ಒಂದು ಕೂಸಿನ ಮೈಯನ್ನು ಬಟ್ಟೆಯಲ್ಲಿ ಸುತ್ತಿಕೊಟ್ಟದ್ದನ್ನು ಹೇಳಿದರು. ಅಂದು ಅವರ ಹಿರಿಯ ಸಿಸ್ಟರ್, ಮುಖ ತೊಳಕೊಂಡು ಬಾ ಎಂದಷ್ಟೇ ಹೇಳಿದ್ದರಂತೆ. "ತೊಳಕೊಂಡು ಬಂದ್ನಿ. ಇವತ್ತಿನತನಕ ಯಾರ ಮುಂದೂ ಅಂದಿದ್ದಿಲ್ಲ ಬಿಡ್ರಿ," ಎಂದು ಕನ್ನಡಕ ಹಾಕಿಕೊಂಡರು.

ನಾವಿಬ್ಬರೂ ಕೂತು ತರಗತಿಯನ್ನು ಬದಲಾಯಿಸಿದೆವು. ಬೆಳಗಿನ ಹೊತ್ತು ಬೇಡ, ವಾರ್ಡಿನಿಂದ ಬಂದ ಮೇಲೆ, ಚಹಾ ಕುಡಿದು, ಸಂಜೆ ಬರಲಿ. ಬಂದವರು ಮೊದಲು ಗೋಡೆಗೆ ಒರಗಿ ಕೂರಲಿ. ಹೇಳಬೇಕೆನ್ನುವವರು ಅಂದು ಏನಾಯಿತೆಂದು ಹೇಳಲಿ, ರೋಗಿಯ ಹೆಸರು, ಊರು ಮಾತ್ರ ಬೇಡ. ಹೇಳದವರನ್ನು ಯಾರೂ ಕೇಳಬಾರದು. ಉಪದೇಶ ಮಾಡಬಾರದು, ನಾನು ಕೂಡ. ಆಮೇಲೆ ಉಸಿರಾಟ, ಸೊಂಟ ಹೆಗಲು ಸಡಿಲಿಸುವ ಒಂದಿಷ್ಟು ಆಸನ. ಕೊನೆಗೆ ಗೋಡೆಗೆ ಕಾಲು ಎತ್ತಿ ಇಟ್ಟುಕೊಂಡು ಮಲಗಬಹುದು, ಇಲ್ಲವೇ ಮಗ್ಗುಲಾಗಿ ಮಲಗಬಹುದು. ಬಾತ ಪಾದಗಳಿಗೂ ಅದೇ ಒಳ್ಳೆಯದು. ಶವಾಸನ ಎಂಬ ಹೆಸರನ್ನು ಆ ಹಾಲಿನಲ್ಲಿ ಮತ್ತೆ ಹೇಳಲಿಲ್ಲ. ರಬ್ಬರಿನ ರೋಗಿಯನ್ನು ಪಕ್ಕದ ಕೋಣೆಗೆ ಸಾಗಿಸಿದರು.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಗೋಡೆಗೊರಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೊದಲು ಮಾತಾಡಿದವನು ಯಾರೂ ನಿರೀಕ್ಷಿಸದ ಆ ಯಲಬುರ್ಗಾದ ಹುಡುಗ, ಎಲ್ಲದಕ್ಕೂ ನಗೆಚಾಟಿಕೆ ಮಾಡುವವನು. ಸುಟ್ಟಗಾಯದ ಒಬ್ಬ ರೋಗಿಗೆ ಡ್ರೆಸ್ಸಿಂಗ್ ಬಿಚ್ಚುವಾಗ ಆ ಮನುಷ್ಯ ಇವನ ಅಂಗಿಯ ತುದಿ ಹಿಡಿದು, ಸಾಕು ಬಿಡೋ ತಮ್ಮಾ ಎಂದು ಬೇಡಿಕೊಂಡನಂತೆ. "ಬಿಡಾಕ ಬರಂಗಿಲ್ರಿ ಮೇಡಂ. ಬಿಟ್ರ ಕೀವಾಗತೈತಿ. ಆಂವ ಬ್ಯಾಡ ಬ್ಯಾಡ ಅಂದ್ರೂ ನಾ ಬಿಚ್ಚಿದೆ," ಎಂದ. ಹೇಳುವಾಗಲೂ ನಗಲು ನೋಡಿದ, ಆಗಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ತನ್ನ ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದಳು. ಅಷ್ಟೇ. ಆಮೇಲೆ ನಾನು, ಉಸಿರು ನಿಧಾನ ಹೊರಗೆ ಬಿಡಿ ಎಂದೆ. ಆ ದಿನ ಯಾರೂ ತೂಕಡಿಸಲಿಲ್ಲ.

ಅಂಥದ್ದೇ ಒಂದು ಸಂಜೆ ಆಡಳಿತ ಮಂಡಳಿಯ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಗೋಡೆಯುದ್ದಕ್ಕೂ ಕಾಲು ಮೇಲೆ ಮಾಡಿ ಮಲಗಿದವರನ್ನು, ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಒಬ್ಬಳನ್ನು ನೋಡಿ ಅವರಿಗೆ ಗಾಬರಿಯಾಯಿತು.

"ಇದ್ಯಾವ ಯೋಗಾನ್ರಿ ಮೇಡಮ್ಮಾರ? ಸೂರ್ಯನಮಸ್ಕಾರ ಮಾಡಿಸ್ರಿ. ಯೋಗ ದಿನಕ್ಕ ಫೋಟೋ ಬೇಕಾಗತಾವು."

ಅಷ್ಟರಲ್ಲಿ ಪ್ರಾಂಶುಪಾಲರು ಅವರ ಹಿಂದಿನಿಂದ ಬಂದರು. "ಫೋಟೋಕ್ಕ ಸೂರ್ಯನಮಸ್ಕಾರ ಬ್ಯಾರೆ ಮಾಡಸ್ತೀವ್ರಿ, ಸರ್. ಇದು ವಾರ್ಡಿನಿಂದ ಬಂದವರದ್ದು," ಎಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡರು. ಮುಂದೆ ಯೋಗ ದಿನ ಬಂದಾಗ ನಮ್ಮ ಹುಡುಗರು ಬಿಳಿ ಬಟ್ಟೆ ತೊಟ್ಟು ಸೂರ್ಯನಮಸ್ಕಾರವನ್ನೂ ಮಾಡಿದರು, ಚೆನ್ನಾಗಿಯೇ ಮಾಡಿದರು.

ನವಲಿಯ ಹುಡುಗಿ ಬಂದದ್ದು ನಾಟಿ ಮುಗಿದ ಮೇಲೆ. ತಾಯಿಯೇ ಕರೆದುಕೊಂಡು ಬಂದಿದ್ದರು, ಕೈಯಲ್ಲಿ ರೊಟ್ಟಿಯ ಗಂಟು. ಅಪ್ಪ ಒಪ್ಪಿದರೇ ಎಂದು ಕೇಳಿದೆ. "ಅವರು ಇನ್ನೂ ಬ್ಯಾಡ ಅಂತಾರ. ಆಕಿ ಹೋಗ್ತೀನಿ ಅಂದ್ಲು, ನಾ ಕರಕೊಂಡು ಬಂದ್ನಿ," ಎಂದರು ತಾಯಿ. ಆ ಸಂಜೆ ಅವಳು ತರಗತಿಗೆ ಬಂದು ಎಲ್ಲರ ಹಾಗೆ ಗೋಡೆಗೊರಗಿ ಕೂತಳು. ಬಹಳ ದಿನ ಏನೂ ಹೇಳಲಿಲ್ಲ. ಬೇರೆಯವರದ್ದು ಕೇಳುತ್ತಿದ್ದಳು. ಮಗ್ಗುಲಾಗಿ ಮಲಗುತ್ತಿದ್ದಳು. ಒಂದು ದಿನ ಮಾತ್ರ, "ನಮ್ಮ ವಾರ್ಡಿನ್ಯಾಗ ಒಬ್ಬಾಕಿ ಮುದುಕಿ ಇದ್ಲು. ರೊಟ್ಟಿ ಹಾಲು ಅಂದ್ರ ಭಾಳ ಜೀವ," ಎಂದು ಶುರುಮಾಡಿ ಪೂರ್ತಿ ಹೇಳಿದಳು. ಎಲ್ಲರೂ ಕೇಳಿದರು.

ಯೋಗದಿಂದ ಎಲ್ಲವೂ ಸರಿಹೋಯಿತು ಎಂದು ನಾನು ಹೇಳಲಾರೆ. ಕುಷ್ಟಗಿಯ ಒಬ್ಬ ಹುಡುಗಿ ಎರಡನೆಯ ವರ್ಷಕ್ಕೆ ಓದು ಬಿಟ್ಟಳು. ಒಂದು ದಿನವೂ ತರಗತಿ ತಪ್ಪಿಸಿರಲಿಲ್ಲ, ಎಲ್ಲ ಆಸನಗಳೂ ಅವಳಿಗೆ ಬರುತ್ತಿದ್ದವು. ಹೋಗುವಾಗ ನನ್ನ ಕೈ ಹಿಡಿದು, "ನಿಮ್ಮ ತಪ್ಪಲ್ರಿ ಮೇಡಂ, ನನಗ ರಕ್ತ ನೋಡೂದು ಆಗಂಗಿಲ್ಲ," ಎಂದಳು. ಈಗ ಕುಷ್ಟಗಿಯಲ್ಲೇ ಚಿಕ್ಕ ಮಕ್ಕಳ ಶಾಲೆಯಲ್ಲಿ ಕಲಿಸುತ್ತಾಳೆ, ಸಂತೋಷವಾಗಿದ್ದಾಳೆ. ಅವಳು ಬಿಟ್ಟದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ.

ಪ್ರಾಂಶುಪಾಲರೂ ಒಮ್ಮೆ ಖಾರವಾಗಿಯೇ ಅಂದಿದ್ದರು. "ಉಸಿರಾಡೂದು ಕಲಿಸಿದ್ರ ವಾರ್ಡಿನ್ಯಾಗ ಕೆಲಸ ಮಾಡೂ ಕೈ ಹೆಚ್ಚಾಗಂಗಿಲ್ರಿ ಮೇಡಂ. ಇದ್ದವರ ಮ್ಯಾಲ ಹೊರಿ ಹಂಗ ಐತಿ. ನಾಳೆ ಯಾರರ, ಯೋಗ ಮಾಡಸ್ತೀವಲ್ಲ, ಮತ್ತೇನು ಬೇಕು ಅಂದ್ರ ನಾ ಸುಮ್ಮನಿರಂಗಿಲ್ಲ." ಅವರು ಸುಮ್ಮನಿರಲೂ ಇಲ್ಲ. ಆಸ್ಪತ್ರೆಯ ಹಿರಿಯ ಸಿಸ್ಟರುಗಳ ಹತ್ತಿರ ಹೋಗಿ ಹೋಗಿ ಮಾತಾಡಿ ಒಂದು ಪದ್ಧತಿ ಮಾಡಿಸಿದರು. ವಾರ್ಡಿನಲ್ಲಿ ಸಾವಾದರೆ, ಮೈ ಒರೆಸಲು ನಿಂತ ವಿದ್ಯಾರ್ಥಿಯನ್ನು ಕೂಡಲೇ ಬೇರೆ ಕೆಲಸಕ್ಕೆ ಹಚ್ಚುವುದಿಲ್ಲ. ಜೊತೆಗೊಬ್ಬರನ್ನು ಕೊಟ್ಟು ಹೊರಗೆ ಕಳಿಸುತ್ತಾರೆ. ಇಬ್ಬರೂ ಕೂತು ಚಹಾ ಕುಡಿದು ಬರಬೇಕು. ಕೆಲವು ಸಿಸ್ಟರುಗಳು, ನಾವೇನು ಹಿಂಗ ಕಲಿತ್ವೇನು ಎಂದು ಗೊಣಗಿದರು. ಆದರೂ ಕಳಿಸುತ್ತಾರೆ. ಗೊಣಗಿದವರಲ್ಲೇ ಒಬ್ಬರು ಆಮೇಲೆ ನಮ್ಮ ಓಣಿಯ ಬೆಳಗಿನ ತರಗತಿಗೆ ಸೇರಿಕೊಂಡರು.

ನವಲಿಯ ಹುಡುಗಿ ಕೋರ್ಸು ಮುಗಿಸಿದಳು. ಈಗ ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ, ಊರಿನಿಂದಲೇ ದಿನಾ ಓಡಾಡುತ್ತಾಳೆ. ಹೋದ ಬೇಸಿಗೆಯಲ್ಲಿ ಕೊಪ್ಪಳಕ್ಕೆ ಬಂದವಳು ನಮ್ಮ ಮನೆಗೂ ಬಂದಿದ್ದಳು. ಮುಖದಲ್ಲಿ ದಣಿವಿತ್ತು, ದನಿ ಮೊದಲಿನ ಹಾಗೆಯೇ ದೊಡ್ಡದಿತ್ತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕೂತಾಗ, ಯೋಗ ಮಾಡುತ್ತೀಯಾ ಎಂದು ಕೇಳಿದೆ.

"ಸುಳ್ಳು ಯಾಕ ಹೇಳ್ಲಿ ಮೇಡಂ, ದಿನಾ ಆಗಂಗಿಲ್ರಿ," ಎಂದಳು. "ಆದ್ರ ಡ್ಯೂಟಿ ಮುಗಿಸಿ ಬಸ್ ಹತ್ತಿದ್ರ ಕಿಟಕಿ ಕಡಿ ಕುಂದರತೀನಿ. ಊರು ಬರೂತನಕ ಯಾರ ಫೋನೂ ಎತ್ತಂಗಿಲ್ಲ. ಅವತ್ತಿನ ದಿನಾ ಒಂದ ಸಲ ನೆನಸಿ, ಉಸಿರು ಬಿಟಗೋತ ಹೋಗತೀನಿ. ಕೆಲವೊಮ್ಮೆ ಅಳು ಬರತೈತಿ, ಬಸ್ಸಿನ್ಯಾಗ ಯಾರು ನೋಡತಾರ?"

"ಮನ್ಯಾಗ?"

"ಮನ್ಯಾಗ ಅವ್ವಗ ಗೊತ್ತೈತ್ರಿ. ನಾ ಬಂದು ಕಾಲು ತೊಳಕೊಂಡು ಚಾ ಕುಡಿಯೂತನಕ ಏನೂ ಕೇಳಂಗಿಲ್ಲ. ಅಪ್ಪ ಏನರ ಮಾತು ತಗದ್ರ, ತಡೀರಿ, ಆಕಿ ಇನ್ನೂ ಬಂದಿಲ್ಲ ಅಂತಾಳ. ನಾ ಅಲ್ಲೇ ಅವರ ಮುಂದ ಕುಂತಿರತೀನಿ."